ಆರಿಸಿ ನಕಲಿಸುವ ಕೆಲಸಕ್ಕೆ ಆರ್‌ಸಿಂಕ್ ಎಷ್ಟು ತಕ್ಕದ್ದು?

ಇಡೀ ಫೋಲ್ಡರನ್ನು ನಕಲಿಸಲು ಯಾವ ಸಾಧನವಾದರೂ ನಡೆದೀತು. ಹಲವು ವರ್ಷಗಳ ಫೋಟೋ, ವಿಡಿಯೋ ತುಂಬಿದ ಡಿಸ್ಕಿನಿಂದ ಫೋಟೋಗಳನ್ನಷ್ಟೇ, ಅವು ಇರುವ ಫೋಲ್ಡರುಗಳ ಸಮೇತ, ಬೇರೆ ಡಿಸ್ಕಿಗೆ ಹಾಕಬೇಕಾದಾಗಲೇ ಸಾಧನದ ಯೋಗ್ಯತೆ ತಿಳಿಯುವುದು. ಲಿನಕ್ಸ್ ಬಳಸುವವರು ಇಂಥ ಕೆಲಸಕ್ಕೆ ಫೈಂಡ್ ಮತ್ತು ಸಿಪಿ ಕಮಾಂಡುಗಳನ್ನು ಜೋಡಿಸುತ್ತಾರೆ, ಇಲ್ಲವೇ ಆರ್‌ಸಿಂಕ್ ಹಿಡಿಯುತ್ತಾರೆ. ಇವನ್ನು ವೇಗದಿಂದ ಅಳೆಯುವುದು ರೂಢಿ. ಆದರೆ ಏನೇನು ಹೋಗುತ್ತದೆ, ಏನು ಉಳಿಯುತ್ತದೆ ಎಂಬುದನ್ನು ನಕಲು ಶುರುವಾಗುವ ಮೊದಲೇ ನೋಡಿಕೊಳ್ಳಬಹುದೇ ಎಂಬುದು ನನಗೆ ಅದಕ್ಕಿಂತ ಮುಖ್ಯ.

ಹುಡುಕುವುದರಲ್ಲಿ ಫೈಂಡ್‌ಗೆ ಸಾಟಿಯಿಲ್ಲ. ಹೆಸರು, ತಾರೀಖು, ಗಾತ್ರ, ಯಾವ ಲಕ್ಷಣ ಹೇಳಿದರೂ ಹೆಕ್ಕಿ ಕೊಡುತ್ತದೆ. ತೊಡಕು ಇರುವುದು ಸಿಕ್ಕಿದ್ದನ್ನು ಸಾಗಿಸುವುದರಲ್ಲಿ. ಸಿಕ್ಕ ಒಂದೊಂದು ಫೈಲಿಗೂ ಸಿಪಿ ಓಡಿಸಿದರೆ ಎಲ್ಲವೂ ಒಂದೇ ಫೋಲ್ಡರಿಗೆ ಬಂದು ಬೀಳುತ್ತವೆ. ಬಹುಪಾಲು ಕ್ಯಾಮೆರಾಗಳು ಚಿತ್ರಕ್ಕೆ 0001ರಿಂದ 9999ರವರೆಗೆ ಸಂಖ್ಯೆ ಕೊಟ್ಟು ಮತ್ತೆ ಮೊದಲಿನಿಂದ ಎಣಿಸುತ್ತವೆ. ಹಾಗಾಗಿ ಎರಡು ಫೋಲ್ಡರುಗಳಲ್ಲಿ ಒಂದೇ ಹೆಸರಿನ ಚಿತ್ರಗಳಿರುವುದು ಸಾಮಾನ್ಯ. ಎರಡನೆಯದು ಮೊದಲನೆಯದನ್ನು ಅಳಿಸಿ ಅದರ ಜಾಗದಲ್ಲಿ ಕೂರುತ್ತದೆ, ಪರದೆಯ ಮೇಲೆ ಒಂದು ಎಚ್ಚರಿಕೆಯೂ ಬರುವುದಿಲ್ಲ. ಲಿನಕ್ಸಿನ ಸಿಪಿಯಲ್ಲಿ 'ಪೇರೆಂಟ್ಸ್' ಎಂಬ ಆಯ್ಕೆ ಕೊಟ್ಟರೆ ಫೋಲ್ಡರಿನ ದಾರಿ ಉಳಿಯುತ್ತದೆ. ಮ್ಯಾಕ್‌ನ ಸಿಪಿಯಲ್ಲಿ ಆ ಆಯ್ಕೆಯೇ ಇಲ್ಲ.

ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಹೊರತಂದ ಆರ್‌ಸಿಂಕ್ ಹೆಸರು ಮಾಡಿದ್ದು ಫೈಲಿನಲ್ಲಿ ಬದಲಾದ ಭಾಗವನ್ನಷ್ಟೇ ನೆಟ್‌ವರ್ಕ್ ಮೇಲೆ ಕಳಿಸುವ ಜಾಣ್ಮೆಗೆ. ಒಂದೇ ಕಂಪ್ಯೂಟರಿನ ಎರಡು ಡಿಸ್ಕುಗಳ ನಡುವೆ ಆ ಜಾಣ್ಮೆಗೆ ಕೆಲಸವಿಲ್ಲ, ಅಲ್ಲಿ ಅದು ತಾನಾಗಿಯೇ ಫೈಲನ್ನು ಇಡಿಯಾಗಿ ಬರೆಯುತ್ತದೆ. ಇಲ್ಲಿ ಅದರ ಹೆಚ್ಚುಗಾರಿಕೆ ಬೇರೆ. ಗಾತ್ರ ಮತ್ತು ಬದಲಾದ ಸಮಯ ಎರಡೂ ಹೊಂದಿದ ಫೈಲನ್ನು ಮತ್ತೆ ಮುಟ್ಟುವುದಿಲ್ಲವಾದ್ದರಿಂದ, ನಡುವೆ ಕರೆಂಟ್ ಹೋದರೆ ಅದೇ ಕಮಾಂಡನ್ನು ಮತ್ತೆ ಓಡಿಸಿದರಾಯಿತು. ಎಲ್ಲಕ್ಕಿಂತ ಮಿಗಿಲಾದದ್ದು 'ಡ್ರೈ ರನ್': ಒಂದು ಬೈಟನ್ನೂ ಬರೆಯದೆ, ನಕಲಾಗಲಿರುವ ಫೈಲುಗಳ ಪಟ್ಟಿಯನ್ನು ಮುಂಚಿತವಾಗಿ ತೋರಿಸುತ್ತದೆ.

ಇಷ್ಟು ಒಳ್ಳೆಯ ಸಾಧನ ಸೋಲುವುದು ಆರಿಸುವುದರಲ್ಲೇ. ಜೆಪೆಗ್ ಸೇರಿಸು, ಉಳಿದದ್ದೆಲ್ಲ ಬಿಡು ಎಂದು 'ಇನ್‌ಕ್ಲೂಡ್', 'ಎಕ್ಸ್‌ಕ್ಲೂಡ್' ಬರೆದರೆ ಮೇಲಿನ ಹಂತದ ಚಿತ್ರಗಳಷ್ಟೇ ಬರುತ್ತವೆ. 'ಉಳಿದದ್ದೆಲ್ಲ' ಎಂಬುದರಲ್ಲಿ ಒಳಫೋಲ್ಡರುಗಳೂ ಸೇರಿರುವುದರಿಂದ ಆರ್‌ಸಿಂಕ್ ಅವುಗಳೊಳಗೆ ಇಣುಕುವುದೇ ಇಲ್ಲ. ಫೋಲ್ಡರುಗಳನ್ನು ಬಿಡಬೇಡ ಎಂಬ ಇನ್ನೊಂದು ನಿಯಮ ಬೇಕು, ಅದೂ 'ಎಕ್ಸ್‌ಕ್ಲೂಡ್'ಗಿಂತ ಮೊದಲೇ ಬರಬೇಕು, ಯಾಕೆಂದರೆ ಮೊದಲು ಹೊಂದಿದ ನಿಯಮವೇ ಅಂತಿಮ. ಹಾಗೆ ಮಾಡಿದರೆ ಖಾಲಿ ಫೋಲ್ಡರುಗಳೂ ಬಂದು ತುಂಬಿಕೊಳ್ಳುತ್ತವೆ, ಅವನ್ನು ತಡೆಯಲು ಮತ್ತೊಂದು ಆಯ್ಕೆ. ಕೈಪಿಡಿಯಲ್ಲಿ ಇದೆಲ್ಲ ಇದೆ, ನಿಜ. ಆದರೂ ಎಲ್ಲರಿಗೂ ದಿನನಿತ್ಯ ಬೇಕಾಗುವ ಕೆಲಸವನ್ನು ಇಷ್ಟು ಸುತ್ತುಬಳಸಿ ಹೇಳಬೇಕಾದದ್ದು ವಿನ್ಯಾಸದ ದೋಷವೇ ಸರಿ.

ಅದೃಷ್ಟಕ್ಕೆ ಪರಿಹಾರ ಆರ್‌ಸಿಂಕ್‌ನಲ್ಲೇ ಇದೆ. 'ಫೈಲ್ಸ್ ಫ್ರಮ್' ಎಂಬ ಆಯ್ಕೆ, ನಕಲಿಸಬೇಕಾದವುಗಳ ಪಟ್ಟಿಯನ್ನು ಒಂದು ಪಠ್ಯದ ಫೈಲಿನಿಂದ ಓದಿಕೊಳ್ಳುತ್ತದೆ, ಫೋಲ್ಡರಿನ ದಾರಿಯನ್ನೂ ಹಾಗೇ ಉಳಿಸುತ್ತದೆ. ಸಾಲಿಗೊಂದು ಹೆಸರಿರುವುದರಿಂದ ಹೆಸರಿನ ನಡುವೆ ಜಾಗ ಬಿಟ್ಟಿದ್ದರೂ ತೊಂದರೆಯಿಲ್ಲ. ಪಟ್ಟಿ ಮಾಡುವ ಕೆಲಸವನ್ನು ಫೈಂಡ್‌ಗೇ ಬಿಡಬಹುದು. ಆ ಪಟ್ಟಿಯನ್ನು ತೆರೆದು ಓದಬಹುದು, ಬೇಡದ ಸಾಲು ತೆಗೆಯಬಹುದು, ನಾಳೆ ಏನು ನಕಲಾಯಿತು ಎಂಬುದಕ್ಕೆ ದಾಖಲೆಯಾಗಿ ಇಟ್ಟುಕೊಳ್ಳಬಹುದು.

ಹಾಗಾಗಿ ನನ್ನ ತೀರ್ಮಾನ ಇಷ್ಟು: ಆರಿಸಲು ಫೈಂಡ್, ಸಾಗಿಸಲು ಆರ್‌ಸಿಂಕ್, ನಡುವೆ ನೀವೇ ಓದಿ ಒಪ್ಪಿದ ಒಂದು ಪಟ್ಟಿ. ಮೊದಲು 'ಡ್ರೈ ರನ್' ಮಾಡಿ, ನಂತರವೇ ನಕಲಿಸಿ. ಹಳೆಯ ಡಿಸ್ಕನ್ನು ಅಳಿಸುವುದಿದ್ದರೆ, ಅದೇ ಪಟ್ಟಿಯನ್ನು ಹೊಸ ಡಿಸ್ಕಿನೊಂದಿಗೆ ತಾಳೆ ನೋಡಿದ ಮೇಲೆ ಅಳಿಸಿ.