ಜಗಳಗಂಟಿ ಎಂಬ ಬಿರುದು

ಇಂಗ್ಲಿಷಿನ 'ಕ್ವಾರೆಲ್‌ಸಮ್' ಎಂಬ ಪದಕ್ಕೆ ಅರ್ಥ ಕೇಳಿದರೆ ಮಕ್ಕಳು ಗೈಡು ನೋಡಿ 'ಜಗಳಗಂಟ' ಎಂದು ಬರೆಯುತ್ತಾರೆ. ಅಂಕವೂ ಸಿಗುತ್ತದೆ. ಆದರೆ ಪದದ ಬೇರು ಹಿಡಿದು ಹೋದರೆ ಬೇರೆಯೇ ಸಂಗತಿ ಕಾಣುತ್ತದೆ. 'ಕ್ವಾರೆಲ್' ಲ್ಯಾಟಿನ್ ಮೂಲದ ಪದ. ಅಲ್ಲಿ ಅದರ ಅರ್ಥ ಜಗಳವಲ್ಲ, ದೂರು. 'ಸಮ್' ಎಂಬ ಬಾಲ ಸೇರಿದೊಡನೆ ಅದು ಮನುಷ್ಯರ ಸ್ವಭಾವವೇ ಆಗಿಬಿಡುತ್ತದೆ.

ನಮ್ಮಲ್ಲೂ ಇಂಥದೊಂದು ಪದವಿದೆ, ತಕರಾರು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಕೊಪ್ಪಳ ಸೀಮೆಯ ಕಚೇರಿಗಳಲ್ಲಿ ಉರ್ದುವಿನ ಹಲವು ಪದಗಳು ಈಗಲೂ ಉಳಿದಿವೆ. ಹೊಲದ ಖಾತೆ ಬದಲಾಗುವುದನ್ನು ಒಪ್ಪದವರು ಕೊಡುವುದು ತಕರಾರು ಅರ್ಜಿಯೇ. ಅರಬ್ಬಿಯಲ್ಲಿ 'ತಕ್ರಾರ್' ಎಂದರೆ ಮತ್ತೆ ಮತ್ತೆ ಹೇಳುವುದು. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವವರು ಯಾರು? ಮೊದಲ ಸಲ ಹೇಳಿದಾಗ ಯಾರೂ ಕಿವಿಗೊಡದವರು.

ಕನ್ನಡದ 'ಜಗಳಗಂಟ'ನಿಗೆ 'ಜಗಳಗಂಟಿ'ಯ ಜೋಡಿಯುಂಟು. ಆದರೆ 'ಗಯ್ಯಾಳಿ', 'ಬಜಾರಿ' ಎಂಬವು ಹೆಂಗಸರಿಗೇ ಮೀಸಲು. ಇಂಗ್ಲಿಷಿನ 'ಶ್ರೂ' ಹಿಂದೆ ಕೆಟ್ಟ ಗಂಡಸಿಗೂ ಸಲ್ಲುತ್ತಿತ್ತಂತೆ. ಬರಬರುತ್ತ ಹೆಂಗಸಿನ ಪಾಲಿಗೇ ಬಂತು. ಶೇಕ್ಸ್‌ಪಿಯರನ ನಾಟಕದಲ್ಲಿ ಆಕೆಯನ್ನು ಪಳಗಿಸುವುದೇ ಕಥೆ. ಅದನ್ನು ಪರ್ವತವಾಣಿಯವರು 'ಬಹದ್ದೂರ್ ಗಂಡ' ಎಂದು ಕನ್ನಡಕ್ಕೆ ತಂದರು. ಅದರಿಂದ 1989ರಲ್ಲಿ 'ನಂಜುಂಡಿ ಕಲ್ಯಾಣ' ಸಿನಿಮಾ ಬಂದು ಬಹಳ ಜನಪ್ರಿಯವಾಯಿತು. ಜನ ನಕ್ಕರು, ನಾನೂ ನಕ್ಕೆ. ಆದರೂ ಪಳಗುವವಳು ಪ್ರತಿ ಸಲ ಅವಳೇ ಏಕೆ ಎಂಬ ಪ್ರಶ್ನೆ ಉಳಿಯುತ್ತದೆ.

ಲಕ್ಷ್ಮೀಶನ 'ಜೈಮಿನಿ ಭಾರತ'ದ ಚಂಡಿ ಗಂಡ ಉದ್ದಾಲಕನ ಮಾತಿಗೆಲ್ಲ ವಿರುದ್ಧ ನಡೆದು, ಅವನ ಶಾಪದಿಂದ ಕಲ್ಲಾಗುತ್ತಾಳೆ. ಆಕೆಯ ಮನಸ್ಸಿನೊಳಗೆ ಏನಿತ್ತೆಂಬುದು ಕಥೆಗೆ ಬೇಕಿಲ್ಲ. ಹಟಕ್ಕೆ 'ಚಂಡಿ ಹಿಡಿಯುವುದು' ಎನ್ನುವ ಮಾತಂತೂ ನಮ್ಮ ನಾಲಗೆಯ ಮೇಲಿದೆ. ಇದಕ್ಕೆ ಉತ್ತರವೆಂಬಂತೆ ಪೂರ್ಣಚಂದ್ರ ತೇಜಸ್ವಿಯವರು 'ಕಿರಗೂರಿನ ಗಯ್ಯಾಳಿಗಳು' ಬರೆದರು. ಅಲ್ಲಿ ಊರಿನ ಮಾನ ಉಳಿಸುವುದು ಗಯ್ಯಾಳಿಗಳೇ. ಬೈಗುಳವನ್ನೇ ಬಿರುದು ಮಾಡಿದ ಆ ಕಥೆ ನನಗೆ ಇಷ್ಟ.

ಇದು ಪುಸ್ತಕದ ಮಾತಷ್ಟೇ ಅಲ್ಲ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹುಡುಗಿಯರ ಶೌಚಾಲಯಕ್ಕೆ ಬಾಗಿಲಿರಲಿಲ್ಲ. ದೊಡ್ಡ ಹುಡುಗಿಯರು ಬೇಸಿಗೆಯಲ್ಲೂ ನೀರು ಕುಡಿಯದೆ ಸಂಜೆಯವರೆಗೆ ಕೂಡುತ್ತಿದ್ದರು. ನಮ್ಮ ಸಹೋದ್ಯೋಗಿಯೊಬ್ಬರು ಎರಡು ಸಲ ಮೆತ್ತಗೆ ಕೇಳಿದರು. ಮೂರನೆಯ ಸಲ ಸಭೆಯಲ್ಲಿ ದನಿ ಏರಿಸಿದರು. "ಆಕಿ ಭಾಳ ಜಗಳಗಂಟಿ, ಬಿಡ್ರಿ" ಎಂದರು ಹಿರಿಯರು. ಬಾಗಿಲಿನ ಮಾತು ಅಲ್ಲಿಗೇ ನಿಂತಿತು. ಅದೇ ಸಭೆಯಲ್ಲಿ ತಮ್ಮ ಇನ್‌ಕ್ರಿಮೆಂಟಿಗಾಗಿ ಮೇಜು ಗುದ್ದಿದ ಮಾಸ್ತರರಿಗೆ ಸಿಕ್ಕ ಹೆಸರು 'ಖಡಕ್ ಮನುಷ್ಯ'. ಬಾಗಿಲು ಮರುವರ್ಷ ಬಂತು. ಆಕೆಗೆ ಅಂಟಿದ ಹೆಸರು ಹೋಗಲಿಲ್ಲ.

ಜಗಳದಲ್ಲೇ ಸುಖ ಕಾಣುವವರೂ ಉಂಟು. ಕೇಳಿದ್ದು ಸಿಕ್ಕ ಮೇಲೂ ಅವರು ಸುಮ್ಮನಾಗುವುದಿಲ್ಲ. ಪದ ಅಂಥವರಿಗೆ ಇರಲಿ. ಉಳಿದವರ ವಿಷಯದಲ್ಲಿ ಅದು ಕೇಳಿದ ಪ್ರಶ್ನೆಯನ್ನು ಬದಿಗೆ ಸರಿಸಿ, ಕೇಳಿದವಳ ಗುಣವನ್ನು ಮುಂದಿಡುವ ಉಪಾಯ. ಅದಕ್ಕೇ ಈ ಪಾಠ ಬಂದಾಗ ನಾನು ಮಕ್ಕಳಿಗೆ ಪದದ ಅರ್ಥ ಹೇಳಿ, ಒಂದು ಮಾತು ಸೇರಿಸುತ್ತೇನೆ: ಯಾರನ್ನಾದರೂ ಹೀಗೆ ಕರೆಯುವ ಮೊದಲು, ಜಗಳ ಯಾತಕ್ಕಾಗಿ ಎಂದು ಕೇಳಿ ತಿಳಿದುಕೊಳ್ಳಿರಿ.