ಕಿವಿಯ ಕನ್ನಡ, ಕಣ್ಣಿನ ಕನ್ನಡ: ಹೊಸೂರು ಸೀಮೆ ಮತ್ತು ಪಾಡ್‌ಕಾಸ್ಟ್ ಪಾಠಗಳು

ವಿಶ್ವವಿದ್ಯಾಲಯದ ಪಾಠಗಳನ್ನು ಧ್ವನಿಮುದ್ರಿಸಿ ಪಾಡ್‌ಕಾಸ್ಟ್ ಸೇವೆಯೊಂದರಲ್ಲಿ ಇರಿಸಿದರೆ ಗಡಿಯಾಚೆಯ ಕನ್ನಡಿಗರಿಗೂ ಅವು ತಲುಪುತ್ತವೆ ಎಂಬ ಮಾತು ಈಚಿನ ವರ್ಷಗಳಲ್ಲಿ ವಿಚಾರಗೋಷ್ಠಿಗಳಲ್ಲಿ ಪದೇ ಪದೇ ಕೇಳಿಬರುತ್ತಿದೆ. ಮಾತು ಸುಳ್ಳಲ್ಲ. ಆದರೆ ‘ತಲುಪುವುದು’ ಎಂಬ ಕ್ರಿಯಾಪದದ ಅರ್ಥವೇನೆಂಬುದನ್ನು ಯಾರೂ ಬಿಡಿಸಿ ನೋಡಿದಂತಿಲ್ಲ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಹೊಸೂರಿಗೆ, ಅಲ್ಲಿಂದ ತಳಿ, ಡೆಂಕಣಿಕೋಟೆ, ಕೃಷ್ಣಗಿರಿಗಳಿಗೆ ಕನ್ನಡದ ಧ್ವನಿ ಹೊಸದಾಗಿ ತಲುಪಬೇಕಾದ ಅಗತ್ಯವೇ ಇಲ್ಲ. ಬೆಂಗಳೂರು ಆಕಾಶವಾಣಿಯ ತರಂಗಗಳು ರಾಜ್ಯಗಳ ಗಡಿಯನ್ನು ಕೇಳಿಕೊಂಡು ನಿಂತವಲ್ಲ. ತಲುಪಬೇಕಾದುದು ಬೇರೆ: ಶಿಸ್ತಿನಿಂದ, ಕ್ರಮವಾಗಿ, ಪರೀಕ್ಷೆಯವರೆಗೆ ಕೊಂಡೊಯ್ಯುವ ಕನ್ನಡದ ಕಲಿಕೆ. ಪಾಡ್‌ಕಾಸ್ಟ್ ಅದನ್ನು ಹೊರಬಲ್ಲದೇ ಎಂಬುದು ವಿಮರ್ಶೆಯ ಪ್ರಶ್ನೆ.

ಈ ಸೀಮೆಯ ಚರಿತ್ರೆಯನ್ನು ಇಲ್ಲಿ ವಿಸ್ತರಿಸಬೇಕಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಕಂಪನಿಯ ಕೈಸೇರಿತು. 1799ರಲ್ಲಿ ಟಿಪ್ಪುವಿನ ಪತನದ ತರುವಾಯ ಹೊಸೂರು ಭಾಗವೂ ಮದರಾಸಿನ ಆಡಳಿತಕ್ಕೆ ಬಂತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಲ್ಲಿಯೇ ಉಳಿಯಿತು. 2004ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟು ಕೃಷ್ಣಗಿರಿ ಜಿಲ್ಲೆಯಾಯಿತು. ತೆಲುಗು, ತಮಿಳು, ಕನ್ನಡ, ಉರ್ದು ಒಂದೇ ಸಂತೆಯಲ್ಲಿ ಕೇಳಿಬರುವ ನಾಡು ಇದು. ಉನ್ನತ ಶಿಕ್ಷಣಕ್ಕೆ ಇಲ್ಲಿಯವರು ಬೆಂಗಳೂರಿನತ್ತ ಮುಖ ಮಾಡುವುದು ಹಳೆಯ ರೂಢಿ. ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ ಹುಟ್ಟಿದ ಸಿ. ರಾಜಗೋಪಾಲಾಚಾರಿಯವರು ಓದಿದ್ದೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ.

ಇಂದಿನ ವಿದ್ಯಾರ್ಥಿಯ ಸ್ಥಿತಿಯನ್ನು ನಿರ್ಧರಿಸಿದ್ದು ಮಾತ್ರ 2006ರ ತಮಿಳು ಕಲಿಕೆಯ ಕಾಯಿದೆ. 2006–07ರಲ್ಲಿ ಒಂದನೆಯ ತರಗತಿಯಿಂದ ಮೊದಲ್ಗೊಂಡು ವರ್ಷಕ್ಕೊಂದು ತರಗತಿಯಂತೆ ಮೇಲೇರಿದ ಈ ಕಡ್ಡಾಯ 2015–16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿತು. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣವನ್ನು ಕುರಿತು ಹೇಳುತ್ತದೆಯಾದರೂ, ಪದವಿ ತರಗತಿಗೆ ಬರುವ ಹೊತ್ತಿಗೆ ಅನೇಕರಲ್ಲಿ ಉಳಿದಿರುವುದು ಕಿವಿಯ ಕನ್ನಡ ಮಾತ್ರ. ಮನೆಯಲ್ಲಿ, ಹೊಲದಲ್ಲಿ, ಮದುವೆಯಲ್ಲಿ ನಿರರ್ಗಳವಾಗಿ ಮಾತನಾಡುವ ಯುವಕ ಕನ್ನಡದ ಪುಟವನ್ನು ಕೈಗೆ ಕೊಟ್ಟರೆ ತಡವರಿಸುತ್ತಾನೆ. ತಮಿಳುನಾಡಿನ ಪದವಿ ವ್ಯಾಸಂಗದಲ್ಲಿ ಮೊದಲ ಭಾಗವಾಗಿ ತಮಿಳು ಅಥವಾ ಬೇರೊಂದು ಭಾಷೆಯನ್ನು ಆರಿಸಿಕೊಳ್ಳುವ ವ್ಯವಸ್ಥೆಯಿದೆ. ಆದರೆ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಿದ್ದರೆ ತಾನೆ ಆಯ್ಕೆ? ಮೇಲಾಗಿ ಲಿಪಿ ಗೊತ್ತಿಲ್ಲದವನು ಆರಿಸುವುದಾದರೂ ಹೇಗೆ?

ಇಂಥ ವಿದ್ಯಾರ್ಥಿಗೆ ಧ್ವನಿಪಾಠ ಸಹಜವಾಗಿ ಒಗ್ಗುತ್ತದೆಂಬುದನ್ನು ಒಪ್ಪಬೇಕು. ವೆಚ್ಚವೂ ಕಡಿಮೆ. ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಮುದ್ರಿಸಿದ 50 ನಿಮಿಷದ ಉಪನ್ಯಾಸ ಸುಮಾರು 24 ಮೆಗಾಬೈಟ್ ಆಗುತ್ತದೆ. 60 ಉಪನ್ಯಾಸಗಳ ಇಡೀ ಪತ್ರಿಕೆ ಒಂದೂವರೆ ಗಿಗಾಬೈಟನ್ನು ಮೀರದು. ಹೊಸೂರಿನ ಕಾರ್ಖಾನೆಗೆ ಪಾಳಿಯ ಬಸ್ಸಿನಲ್ಲಿ ಹೋಗುವವರು ಒಮ್ಮೆ ಇಳಿಸಿಕೊಂಡು, ಸಂಪರ್ಕವಿಲ್ಲದೆಡೆಯಲ್ಲೂ ಕೇಳಬಹುದು. ವಿಡಿಯೊ ಪಾಠಕ್ಕೆ ಈ ಸೌಲಭ್ಯವಿಲ್ಲ.

ಆದರೆ ಪಾಡ್‌ಕಾಸ್ಟ್ ಎಂಬ ಪ್ರಕಾರ ಪಾಠಕ್ಕಾಗಿ ಹುಟ್ಟಿದ್ದಲ್ಲ. ಹೆಸರು 2004ರಲ್ಲಿ ಪತ್ರಿಕೆಯೊಂದರ ಲೇಖನದಲ್ಲಿ ಟಂಕಿತವಾಯಿತು. 2005ರಲ್ಲಿ ಆಪಲ್ ತನ್ನ ಐಟ್ಯೂನ್ಸ್‌ನಲ್ಲಿ ಸೇರಿಸಿದ ಮೇಲೆ ಜನಪ್ರಿಯವಾಯಿತು. ಹೋಸ್ಟಿಂಗ್ ಸೇವೆ ಮಾಡುವ ಕೆಲಸ ಸರಳ: ಧ್ವನಿಕಡತವನ್ನು ಕಾಪಿಡುವುದು, ಅದರ ಶೀರ್ಷಿಕೆ, ವಿವರಣೆ, ಭಾಷೆ, ಕೊಂಡಿ ಇವುಗಳನ್ನೊಳಗೊಂಡ ಆರ್‌ಎಸ್‌ಎಸ್ ಎಂಬ ಪಟ್ಟಿಯನ್ನು ಪ್ರಕಟಿಸುವುದು. ಕೇಳುಗರ ಆ್ಯಪ್ ಆ ಪಟ್ಟಿಯನ್ನು ಓದಿಕೊಳ್ಳುತ್ತದೆ. ಸುದ್ದಿ, ಹರಟೆಗಳ ಈ ಲೋಕದಲ್ಲಿ ಹೊಸದು ಮೇಲೆ, ಹಳೆಯದು ಕೆಳಗೆ. ಪಾಠದ ತರ್ಕ ಇದಕ್ಕೆ ತದ್ವಿರುದ್ಧ. ವ್ಯಾಕರಣದ ಪಾಠಮಾಲೆಯನ್ನು ಯಥಾವತ್ತಾಗಿ ಏರಿಸಿದರೆ ವಿದ್ಯಾರ್ಥಿಯ ಕಣ್ಣಿಗೆ ಮೊದಲು ಬೀಳುವುದು ಸಮಾಸಪ್ರಕರಣ. ವರ್ಣಮಾಲೆಗೆ ಅವನು 30 ಕಂತು ಕೆಳಗಿಳಿಯಬೇಕು. 2017ರಲ್ಲಿ ಆಪಲ್ ‘ಧಾರಾವಾಹಿ’ ಎಂಬ ಗುರುತನ್ನೂ ಕಂತುಸಂಖ್ಯೆಗಳನ್ನೂ ಪಟ್ಟಿಯಲ್ಲಿ ಸೇರಿಸಲು ಅವಕಾಶ ಕೊಟ್ಟಿತು. ಈ ಒಂದು ಗುರುತನ್ನು ತುಂಬುವುದು ತಂತ್ರಜ್ಞರಿಗೆ ಬಿಟ್ಟ ಸಣ್ಣ ವಿಷಯವಲ್ಲ. ಅದಿಲ್ಲದೆ ಪಠ್ಯಕ್ರಮವೇ ಇಲ್ಲ.

ಇನ್ನು ಧ್ವನಿಯ ಒಳಗಿನ ವಸ್ತು. ವಿಶ್ವವಿದ್ಯಾಲಯದ ಉಪನ್ಯಾಸವೆಂದರೆ ಬಹುಪಾಲು ಬರೆದ ಟಿಪ್ಪಣಿಯ ವಾಚನ. ತರಗತಿಯಲ್ಲಿ ಮುಖಭಾವ, ಕರಿಹಲಗೆ, ನಡುವೆ ಬರುವ ಪ್ರಶ್ನೆ ಇವು ಆ ವಾಚನವನ್ನು ಹೇಗೋ ಕಾಪಾಡುತ್ತವೆ. ಧ್ವನಿಮುದ್ರಿಕೆಯಲ್ಲಿ ಅವೆಲ್ಲ ಕಳಚಿಬಿದ್ದು ಗ್ರಾಂಥಿಕ ವಾಕ್ಯಗಳಷ್ಟೇ ಉಳಿಯುತ್ತವೆ. ತಳಿಯ ಕನ್ನಡ ಕೇಳಿ ಬೆಳೆದ ಕಿವಿಗೆ ‘ಎಂಬುದನ್ನು ಪ್ರತಿಪಾದಿಸಲಾಗಿದೆ’ ಎಂಬ ವಾಕ್ಯ ತಮಿಳಿನ ಪಠ್ಯಪುಸ್ತಕಕ್ಕಿಂತ ದೂರದ್ದು. ‘ತಲೆ-ಹರಟೆ’ಯಂಥ ಕನ್ನಡ ಪಾಡ್‌ಕಾಸ್ಟ್‌ಗಳು ಸಂಭಾಷಣೆಯ ಲಯವನ್ನು ಹಿಡಿದು ಗೆದ್ದಿವೆ, ಆದರೆ ಅವುಗಳ ಮಾತು ಬೆಂಗಳೂರಿನ ಇಂಗ್ಲಿಷ್ ಬಲ್ಲವರ ಮಾತು.

ಕನ್ನಡದಲ್ಲಿ ಇದಕ್ಕೆ ಪೂರ್ವನಿದರ್ಶನವಿಲ್ಲದಿಲ್ಲ. ಮೈಸೂರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಅಧ್ಯಾಪಕನೊಬ್ಬ ಸ್ವಂತ ಯಂತ್ರದಿಂದ ಊರಿಗೆ ಮಾತನಾಡಿದ್ದು ಇಂದಿನ ಪಾಡ್‌ಕಾಸ್ಟಿನ ಮನೋಧರ್ಮಕ್ಕೆ ತೀರ ಹತ್ತಿರ. ಅದೇ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯ ನಡೆಸಿದ ಪ್ರಚಾರೋಪನ್ಯಾಸಗಳು ಇನ್ನೂ ಮುಖ್ಯ. ಅಧ್ಯಾಪಕರು ಊರುಗಳಿಗೆ ಹೋಗಿ ಕನ್ನಡದಲ್ಲಿ ಮಾತನಾಡಿದರು, ಆ ಮಾತು ಆಮೇಲೆ ಅಗ್ಗದ ಕಿರುಹೊತ್ತಗೆಯಾಗಿ ಅಚ್ಚಾಯಿತು. ಮೊದಲು ಕಿವಿ, ತರುವಾಯ ಕಣ್ಣು: ಈ ಕ್ರಮವನ್ನು ಆ ಹಿರಿಯರು ಯಾವ ತಂತ್ರಜ್ಞಾನದ ಒತ್ತಾಯವೂ ಇಲ್ಲದೆ ಕಂಡುಕೊಂಡಿದ್ದರು. ಸಂಸ್ಥಾನದ ಎಲ್ಲೆಗೆ ಆ ಬಂಡಿ ನಿಂತುಹೋಯಿತು, ಮದರಾಸು ಪ್ರಾಂತದ ಹೊಸೂರು ಅದರ ದಾರಿಯಲ್ಲಿರಲಿಲ್ಲ ಎಂಬುದು ಬೇರೆ ಮಾತು.

ಮೈಸೂರಿನಲ್ಲೋ ಧಾರವಾಡದಲ್ಲೋ ಮುದ್ರಿತವಾದ ಪಾಠವನ್ನೇ ಹೊಸೂರಿಗೂ ಹಂಚಿದರೆ ಸಾಕೆಂಬ ವಾದದ ದೌರ್ಬಲ್ಯ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಹಳಗನ್ನಡದ ಪಾಠದಲ್ಲಿ. ಕರ್ನಾಟಕದ ತರಗತಿಯಲ್ಲಿ ಹಳಗನ್ನಡವೆಂದರೆ ಭಯ. ‘ಪಾಲ್’, ‘ಪುಲಿ’, ‘ಪಗಲ್’, ‘ಪೆಣ್’ ಎಂಬ ರೂಪಗಳನ್ನು ಅಲ್ಲಿಯ ಅಧ್ಯಾಪಕರು ಪಕಾರ ಹಕಾರವಾದ ಸೂತ್ರವನ್ನು ಹೇಳಿ ಪರಿಚಯಿಸುತ್ತಾರೆ. ತಮಿಳಿನಲ್ಲಿ ಓದಿದ ಕನ್ನಡ ವಿದ್ಯಾರ್ಥಿಗೆ ಇವು ದಿನನಿತ್ಯದ ಪದಗಳು. ಬೆಂಗಳೂರಿನ ವಿದ್ಯಾರ್ಥಿ ಬರೆಹದಲ್ಲಿ ಮಾತ್ರ ಕಂಡ ೞಕಾರವನ್ನು ಇವನು ನಾಲಗೆಯಲ್ಲಿಟ್ಟುಕೊಂಡಿದ್ದಾನೆ. ‘ಕೋೞಿ’, ‘ಮೞೆ’, ‘ಏೞು’ ಎಂದು ಹಳಗನ್ನಡದ ಕವಿ ನುಡಿದುದನ್ನು ಅವನು ಶಾಲೆಯಲ್ಲಿ ತಮಿಳಾಗಿ ಉಚ್ಚರಿಸಿ, ಮನೆಗೆ ಬಂದು ‘ಕೋಳಿ’, ‘ಮಳೆ’, ‘ಏಳು’ ಎನ್ನುತ್ತಾನೆ. ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಪದಗಳನ್ನು ಪಟ್ಟಿಮಾಡಬೇಕಾಗಿ ಬಂದದ್ದು ಆ ಧ್ವನಿ ಆಗಲೇ ಬಳಕೆಯಿಂದ ಜಾರುತ್ತಿದ್ದುದರಿಂದ. ಹೊಸೂರಿನ ತರಗತಿಗೆ ಆ ಪಟ್ಟಿಯಲ್ಲಿ ಎಷ್ಟೋ ಪದಗಳು ಓದದೆಯೇ ತಿಳಿದಂಥವು.

ಒಂದು ಭಾಷೆ ಇನ್ನೊಂದರ ತಾಯಿಯೆಂಬ ಬೀದಿವಾದಕ್ಕೆ ಇದರಲ್ಲಿ ಎಡೆಯಿಲ್ಲ. ಒಂದೇ ಮೂಲದಿಂದ ಕವಲೊಡೆದ ಎರಡು ಭಾಷೆಗಳು ಹಳೆಯ ಧ್ವನಿಗಳನ್ನು ಬೇರೆ ಬೇರೆ ಕಡೆ ಉಳಿಸಿಕೊಂಡಿವೆ, ಅಷ್ಟೆ. ಆದರೆ ಈ ಉಳಿಕೆ ಬೋಧನೆಯ ದೃಷ್ಟಿಯಿಂದ ಒಂದು ಸಂಪತ್ತು. ಅದನ್ನು ಬಳಸಲು ಎದುರಿನ ಕೇಳುಗ ತಮಿಳು ಬಲ್ಲನೆಂಬ ಅರಿವು ಪಾಠ ಹೇಳುವವನಿಗಿರಬೇಕು. ಎಲ್ಲರಿಗೂ ಸಲ್ಲುವಂತೆ ಮಾಡಿದ ಪಾಠಮಾಲೆಗೆ ಆ ಅರಿವು ಬರಲಾರದು. ಛಂದಸ್ಸಿನಲ್ಲೂ ಹಾಗೆಯೇ: ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ನಡೆಯನ್ನು ಪ್ರಸ್ತಾರ ಹಾಕಿ ತೋರಿಸುವುದಕ್ಕಿಂತ ಗಮಕಿಯ ಕಂಠದಲ್ಲಿ ಕೇಳಿಸುವುದು ಸುಲಭ. ಇಲ್ಲಿ ಪಾಡ್‌ಕಾಸ್ಟ್ ಪುಸ್ತಕವನ್ನು ನಿಜಕ್ಕೂ ಮೀರಿಸುತ್ತದೆ.

ಶಾಸನಶಾಸ್ತ್ರ, ಗ್ರಂಥಸಂಪಾದನೆಗಳಲ್ಲಿ ಮೀರಿಸುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಗಂಭೀರವಾದ ಆಕ್ಷೇಪ ಲಿಪಿಗೆ ಸಂಬಂಧಿಸಿದ್ದು. ತಮಿಳು ಲಿಪಿಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದವಿಲ್ಲ. ಕನ್ನಡದ ಆಡುಮಾತಿನಲ್ಲೂ ಮಹಾಪ್ರಾಣ ಬಹುಮಟ್ಟಿಗೆ ಕೇಳಿಸದು. ‘ದನ’, ‘ಧನ’ಗಳನ್ನು ಕಿವಿಯಿಂದ ಮಾತ್ರ ಕಲಿತವನು ಉತ್ತರಪತ್ರಿಕೆಯಲ್ಲಿ ಎರಡನ್ನೂ ಒಂದೇ ಬಗೆಯಲ್ಲಿ ಬರೆಯುತ್ತಾನೆ. ಧ್ವನಿಪಾಠ ಅವನನ್ನು ಕನ್ನಡದ ಹತ್ತಿರ ತಂದಂತೆ ತೋರಿ, ಲಿಪಿಯಿಂದ ಇನ್ನಷ್ಟು ನಿರಾಳವಾಗಿ ದೂರ ಇಡಬಹುದು. ಬರೆಹವಿಲ್ಲದೆ ಪದವಿಯಿಲ್ಲ, ಪದವಿಯಿಲ್ಲದೆ ಶಾಲೆಗೆ ಕನ್ನಡ ಶಿಕ್ಷಕನಿಲ್ಲ. ಗಡಿಯ ಕನ್ನಡ ಶಾಲೆಗಳ ಮುಂದಿನ ತಲೆಮಾರು ನಿಂತಿರುವುದು ಈ ಕೊಂಡಿಯ ಮೇಲೆ.

ಆದ್ದರಿಂದ ಪ್ರತಿ ಪಾಠಕ್ಕೂ ಅಕ್ಷರಶಃ ಪ್ರತಿಲೇಖ ಬೇಕು. ಅದು ಅನುಬಂಧವಲ್ಲ, ಪಾಠದ ಅರ್ಧ. ಕೇಳುತ್ತ ಸಾಲಿನ ಮೇಲೆ ಬೆರಳಿಟ್ಟು ಸಾಗುವ ವಿದ್ಯಾರ್ಥಿ ತನಗೆ ಗೊತ್ತಿರುವ ಮಾತಿನ ಆಸರೆಯಿಂದ ಗೊತ್ತಿಲ್ಲದ ಅಕ್ಷರವನ್ನು ಹಿಡಿಯುತ್ತಾನೆ. ಯಂತ್ರ ಇದನ್ನು ಮಾಡಿಕೊಡುವುದೆಂದು ಕಾಯುವುದು ಜಾಣತನವಲ್ಲ: 2024ರಲ್ಲಿ ಆಪಲ್ ಪಾಡ್‌ಕಾಸ್ಟ್‌ಗೆ ಸ್ವಯಂಚಾಲಿತ ಪ್ರತಿಲೇಖ ತಂದಾಗ ಅದು ಆರಂಭವಾದದ್ದು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್, ಜರ್ಮನ್ ಭಾಷೆಗಳಲ್ಲಿ. ಪ್ರತಿಲೇಖವನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಬರ್ಕ್ಲಿಯ ಉದಾಹರಣೆಯಿದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಆ ಆವರಣವು ಮುಕ್ತವಾಗಿ ಹಂಚಿದ್ದ ಧ್ವನಿ ಹಾಗೂ ದೃಶ್ಯ ಪಾಠಗಳು ಕಿವುಡರಿಗೆ ಎಟುಕುವಂತಿಲ್ಲವೆಂಬ ದೂರಿನ ಮೇಲೆ ಅಮೆರಿಕದ ನ್ಯಾಯ ಇಲಾಖೆ 2016ರಲ್ಲಿ ಆಕ್ಷೇಪಿಸಿತು. 2017ರಲ್ಲಿ ವಿಶ್ವವಿದ್ಯಾಲಯ 20,000ಕ್ಕೂ ಹೆಚ್ಚಿನ ಪಾಠಗಳನ್ನು ಸಾರ್ವಜನಿಕರ ಕೈಯಿಂದ ಹಿಂತೆಗೆದುಕೊಂಡಿತು. ಶ್ರೀಮಂತ ವಿಶ್ವವಿದ್ಯಾಲಯವೇ ಕಾಲಾನಂತರ ಪ್ರತಿಲೇಖ ಸಿದ್ಧಪಡಿಸುವುದು ದುಬಾರಿಯೆಂದಿತು. ಮೊದಲ ಪಾಠದಿಂದಲೇ ಬರೆದಿಟ್ಟುಕೊಳ್ಳುವುದು ಬಡವರಿಗೆ ಅಗ್ಗ.

ಪಾಠಗಳನ್ನು ಯಾರ ಮನೆಯಲ್ಲಿ ಇಡಬೇಕೆಂಬುದರ ಬಗ್ಗೆ ಹೆಚ್ಚು ಚರ್ಚೆ ಬೇಡ, ಎಚ್ಚರ ಸಾಕು. ವಿಶ್ವವಿದ್ಯಾಲಯಗಳಿಗೆಂದೇ ಆಪಲ್ 2007ರಲ್ಲಿ ತೆರೆದ ಐಟ್ಯೂನ್ಸ್ ಯು 2021ರ ಕೊನೆಗೆ ಮುಚ್ಚಿತು. ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ನಿಂತಿತು. ಆ್ಯಂಕರ್ ಎಂಬ ಉಚಿತ ಸೇವೆಯನ್ನು ಸ್ಪಾಟಿಫೈ 2019ರಲ್ಲಿ ಕೊಂಡು, ಆಮೇಲೆ ಎರಡು ಬಾರಿ ಹೆಸರು ಬದಲಿಸಿತು. ಪಟ್ಟಿಯ ವಿಳಾಸ ಸಂಸ್ಥೆಯ ಸ್ವಂತ ಡೊಮೇನ್‌ನಲ್ಲಿದ್ದರೆ ಸೇವೆ ಬದಲಾದರೂ ಕೇಳುಗರು ಕಳೆದುಹೋಗುವುದಿಲ್ಲ. ಮೂಲ ಕಡತಗಳ ಒಂದು ಪ್ರತಿ ಸಂಸ್ಥೆಯ ಬಳಿಯೂ ಇನ್ನೊಂದು ಇಂಟರ್ನೆಟ್ ಆರ್ಕೈವ್‌ನಂಥ ಸಾರ್ವಜನಿಕ ಭಂಡಾರದಲ್ಲೂ ಇರಬೇಕು. ಶೀರ್ಷಿಕೆಗಳು ಕನ್ನಡ ಲಿಪಿಯ ಜೊತೆಗೆ ತಮಿಳು ಲಿಪಿಯಲ್ಲೂ ಇರಲಿ. ಹುಡುಕುವವನು ಬಲ್ಲ ಲಿಪಿ ಅದು.

ಸೇವೆಗಳು ಒದಗಿಸುವ ಅಂಕಿಗಳನ್ನು ನಂಬುವಲ್ಲಿಯೂ ವಿವೇಕ ಬೇಕು. ಇಳಿಸಿಕೊಂಡದ್ದೆಲ್ಲ ಕೇಳಿದ್ದಲ್ಲ. ಕೇಳುಗರ ಊರನ್ನು ಅಂತರ್ಜಾಲ ವಿಳಾಸದಿಂದ ಊಹಿಸುವುದರಿಂದ ಮೊಬೈಲ್ ಬಳಸುವ ಸಣ್ಣ ಊರಿನವರು ಸಮೀಪದ ಮಹಾನಗರದ ಲೆಕ್ಕಕ್ಕೆ ಸೇರಿಬಿಡುವುದುಂಟು. ಡೆಂಕಣಿಕೋಟೆಯ ಕೇಳುಗ ಬೆಂಗಳೂರಿನವನಾಗಿಯೋ ಚೆನ್ನೈಯವನಾಗಿಯೋ ಎಣಿಕೆಯಾದರೆ, ‘ಗಡಿಯಲ್ಲಿ ಬೇಡಿಕೆಯಿಲ್ಲ’ ಎಂಬ ಟಿಪ್ಪಣಿಗೆ ಅದೇ ಆಧಾರವಾಗುತ್ತದೆ.

ಉಳಿದದ್ದು ಹಕ್ಕುಸ್ವಾಮ್ಯ. 1957ರ ಕಾಯಿದೆಯ 52ನೆಯ ಪ್ರಕರಣ ಬೋಧನೆಯ ಸಂದರ್ಭದಲ್ಲಿ ಕೃತಿಗಳ ಬಳಕೆಗೆ ವಿನಾಯಿತಿ ಕೊಡುತ್ತದೆ. ಆದರೆ ಜಗತ್ತಿಗೆಲ್ಲ ತೆರೆದಿಟ್ಟ ಪಾಡ್‌ಕಾಸ್ಟನ್ನು ತರಗತಿಯೆಂದು ವಾದಿಸುವುದು ಕಷ್ಟ. ಲೇಖಕನ ಮರಣಾನಂತರ 60 ವರ್ಷಗಳ ಅವಧಿಯ ಲೆಕ್ಕದಲ್ಲಿ ಬೇಂದ್ರೆಯವರ ಕವಿತೆಗಳು 2041ರ ಕೊನೆಯವರೆಗೆ, ಕುವೆಂಪು ಅವರವು 2054ರ ಕೊನೆಯವರೆಗೆ ಅನುಮತಿಯನ್ನು ಬೇಡುತ್ತವೆ. ಹಾಗಾಗಿ ಆಧುನಿಕ ಕಾವ್ಯದ ಪತ್ರಿಕೆಯನ್ನು ವಾಚನಸಹಿತ ಏರಿಸುವ ಮುನ್ನ ಹಕ್ಕುದಾರರೊಡನೆ ಪತ್ರವ್ಯವಹಾರ ಅನಿವಾರ್ಯ. ಪಂಪ, ಕುಮಾರವ್ಯಾಸರಿಗೆ, 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀಯವರಿಗೆ ಈ ತೊಡಕಿಲ್ಲ. ಪಾಠಮಾಲೆಯೊಂದನ್ನು ಈ ಸೀಮೆಗಾಗಿ ಈ ವರ್ಷವೇ ಆರಂಭಿಸುವುದಾದರೆ ಅದು ಹಳಗನ್ನಡದಿಂದಲೇ ಆಗಬಹುದು. ಯಾರ ಅಪ್ಪಣೆಗೂ ಕಾಯಬೇಕಿಲ್ಲ, ಮೊದಲ ಪಾಠದಲ್ಲಿ ‘ಪಾಲ್’ ಎಂದರೇನೆಂದು ವಿವರಿಸಬೇಕಾಗಿಯೂ ಇಲ್ಲ.