ಮರೀನ್‌ತಾಲ್ ಸಮೀಕ್ಷೆ: ಇತಿಹಾಸದೃಷ್ಟಿಯಿಂದ ಒಂದು ವಿಮರ್ಶೆ

ಎರಡು ಮಹಾಯುದ್ಧಗಳ ನಡುವಣ ಯೂರೋಪನ್ನು ಅಭ್ಯಾಸ ಮಾಡುವವರಿಗೆ ಆಸ್ಟ್ರಿಯದ ನಿರುದ್ಯೋಗವು ಎರಡು ರೂಪಗಳಲ್ಲಿ ಎದುರಾಗುತ್ತದೆ. ಮೊದಲನೆಯದು ಅಂಕಿಗಳ ರೂಪ. 1929ರಲ್ಲಿ ದುಡಿಯುವವರಲ್ಲಿ ಶೇಕಡ 9ರಷ್ಟು ಮಂದಿಗೆ ಕೆಲಸವಿರಲಿಲ್ಲ. 1933ರಲ್ಲಿ ಈ ಪ್ರಮಾಣ ಶೇಕಡ 26ಕ್ಕೇರಿತು, ಎಂದರೆ ಸುಮಾರು ಐದೂವರೆ ಲಕ್ಷ ಜನ. 1937ರಲ್ಲಿಯೂ ಅದು ಶೇಕಡ 20ರಿಂದ ಕೆಳಗಿಳಿಯಲಿಲ್ಲ. ಎರಡನೆಯದು ಒಂದು ಚಿಕ್ಕ ಗ್ರಂಥದ ರೂಪ. ಮರೀ ಯಹೋಡ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಟ್ಸೈಸೆಲ್ ಎಂಬ ಮೂವರು ತರುಣ ವಿದ್ವಾಂಸರು ರಚಿಸಿ 1933ರಲ್ಲಿ ಲೈಪ್ಜಿಗ್ ನಗರದಿಂದ ಪ್ರಕಟವಾದ ‘ಮರೀನ್‌ತಾಲಿನ ನಿರುದ್ಯೋಗಿಗಳು’ ಎಂಬುದೇ ಆ ಗ್ರಂಥ. ಅದು ಹಿಟ್ಲರನು ಅಧಿಕಾರಕ್ಕೆ ಬಂದ ವರ್ಷ. ಕರ್ತೃಗಳು ಯಹೂದ್ಯರಾದುದರಿಂದ ಮುಖಪುಟದಲ್ಲಿ ಅವರ ಹೆಸರುಗಳೇ ಇರಲಿಲ್ಲ. ಇಂದು ಸಮಾಜವಿಜ್ಞಾನದ ಪಠ್ಯಗಳಲ್ಲಿ ಇದಕ್ಕೆ ಅಗ್ರಸ್ಥಾನವಿದೆ. ಇದರ ಕೀರ್ತಿಯನ್ನು ತಗ್ಗಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಆದರೆ ಈ ಗ್ರಂಥದಿಂದ ಸಾಮಾನ್ಯವಾಗಿ ಹೊರಡಿಸುವ ತೀರ್ಮಾನವನ್ನು ಅದರಲ್ಲಿಯೇ ಇರುವ ಆಧಾರಗಳು ಎಷ್ಟರಮಟ್ಟಿಗೆ ಸಮರ್ಥಿಸುತ್ತವೆ ಎಂಬುದನ್ನು ಪರಿಶೀಲಿಸುವುದು ಅವಶ್ಯಕ.

ಮರೀನ್‌ತಾಲ್ ವಿಯೆನ್ನ ನಗರದ ಆಗ್ನೇಯಕ್ಕೆ, ಗ್ರಾಮಟ್‌ನಾಯ್‌ಸೀಡಲ್ ಎಂಬ ಊರಿಗೆ ಸೇರಿದ ಕಾರ್ಮಿಕರ ವಸತಿ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಸ್ಥಾಪಿತವಾದ ಒಂದು ಬಟ್ಟೆಯ ಗಿರಣಿಯೇ ಅದರ ಪ್ರಾಣ. 1929ರ ಬೇಸಗೆಯಲ್ಲಿ ನೂಲುವ ವಿಭಾಗ ಮುಚ್ಚಿತು. 1930ರ ಫೆಬ್ರವರಿಯ ವೇಳೆಗೆ ಕೊನೆಯ ಮಗ್ಗಗಳೂ ನಿಂತುವು. ಸಂಶೋಧಕರು 1931–32ರ ಚಳಿಗಾಲದಲ್ಲಿ ಅಲ್ಲಿಗೆ ಹೋದಾಗ 478 ಕುಟುಂಬಗಳ ಪೈಕಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವುಗಳಲ್ಲಿ ಒಬ್ಬರಾದರೂ ನಿರುದ್ಯೋಗಿಗಳಿದ್ದರು. ಇವರು ಬರಿಯ ಪ್ರಶ್ನಾವಳಿಯನ್ನು ಹಿಡಿದು ಹೋದವರಲ್ಲ. ವಿಯೆನ್ನದಲ್ಲಿ ಉಡುಪುಗಳನ್ನು ಸಂಗ್ರಹಿಸಿ ಹಂಚಿದರು; ಮನೆಗಳಲ್ಲಿ ಉಣ್ಣುವುದೇನೆಂಬುದನ್ನು ಬರೆದಿಡಿಸಿದರು; ಮಕ್ಕಳಿಂದ ಪ್ರಬಂಧಗಳನ್ನು ಬರೆಸಿದರು. ಯಾರಿಗೂ ಕಾಣದಂತೆ ಕುಳಿತು, ಬೀದಿಯಲ್ಲಿ ಜನ ನಡೆಯುವ ವೇಗವನ್ನು ಕೂಡ ಅಳೆದರು. ಗಂಡಸರು ನಿಧಾನವಾಗಿ, ಮತ್ತೆ ಮತ್ತೆ ನಿಲ್ಲುತ್ತ ನಡೆಯುತ್ತಿದ್ದರು; ಹೆಂಗಸರಿಗೆ ನಿಲ್ಲುವಷ್ಟು ಬಿಡುವಿರಲಿಲ್ಲ. ವಾಚನಾಲಯದಿಂದ ಹೊರಗೆ ಹೋಗುವ ಪುಸ್ತಕಗಳ ಸಂಖ್ಯೆ, ಓದಲು ಕಾಲ ಬೇಕಾದಷ್ಟಿದ್ದರೂ, ಎರಡು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು.

ಇಂಥ ಸಾಕ್ಷ್ಯಗಳಿಂದ ಪ್ರಸಿದ್ಧವಾದ ಸಿದ್ಧಾಂತವಿದು: ದೀರ್ಘಕಾಲದ ನಿರುದ್ಯೋಗವು ಮನುಷ್ಯನನ್ನು ಬಂಡಾಯಕ್ಕೆ ಪ್ರೇರಿಸುವುದಿಲ್ಲ, ಔದಾಸೀನ್ಯಕ್ಕೆ ತಳ್ಳುತ್ತದೆ. ಕರ್ತೃಗಳು ಅಲ್ಲಿಯ ಕುಟುಂಬಗಳನ್ನು ಅಭಗ್ನ, ವಿಧಿಗೆ ಮಣಿದ, ಹತಾಶ, ಜಡ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದರು. ವಿಧಿಗೆ ಮಣಿದವರದೇ ದೊಡ್ಡ ಗುಂಪು. ಮುಂದಿನ ವಾಚಕರು ಈ ನಾಲ್ಕನ್ನೂ ನಾಲ್ಕು ಮನೋಧರ್ಮಗಳೆಂದೇ ಗ್ರಹಿಸಿದ್ದಾರೆ: ಕೆಲವರು ಗಟ್ಟಿ ಜೀವಗಳು, ಕೆಲವರು ದುರ್ಬಲರು ಎಂಬಂತೆ.

ಆದರೆ ಗ್ರಂಥದಲ್ಲಿಯೇ ಇರುವ ಒಂದು ಚಿಕ್ಕ ಕೋಷ್ಟಕ ಬೇರೆಯೇ ಮಾತನ್ನು ಹೇಳುತ್ತದೆ. ಮಕ್ಕಳನ್ನು ವಯಸ್ಕರಿಗಿಂತ ಕಡಿಮೆ ಅಂಶವಾಗಿ ಎಣಿಸಿ ತಲಾ ಮಾಸಿಕ ವರಮಾನವನ್ನು ಲೆಕ್ಕ ಹಾಕಿದಾಗ, ಅಭಗ್ನ ಕುಟುಂಬಗಳಿಗೆ 34 ಷಿಲಿಂಗ್, ಮಣಿದವರಿಗೆ 30, ಹತಾಶರಿಗೆ 25, ಜಡರಿಗೆ 19 ಎಂದಾಯಿತು. ಅಭಗ್ನತೆಗೂ ಜಡತೆಗೂ ನಡುವೆ ಇದ್ದುದು ತಿಂಗಳಿಗೆ 15 ಷಿಲಿಂಗ್. ವರಮಾನ ಕುಗ್ಗಿದಂತೆ ಮನಃಸ್ಥಿತಿಯೂ ಕುಗ್ಗುವುದೆಂದು ಕರ್ತೃಗಳೇ ಸೂಚಿಸಿದ್ದಾರೆ. ಈ ಪ್ರಾಮಾಣಿಕತೆ ಶ್ಲಾಘ್ಯ. ಹಾಗಾದರೆ ಇವು ನಾಲ್ಕು ಜಾತಿಯ ಮನುಷ್ಯರಲ್ಲ, ಒಂದೇ ಇಳಿಜಾರಿನ ನಾಲ್ಕು ಮೆಟ್ಟಿಲುಗಳು. ಅದೇ ಕುಟುಂಬವನ್ನು ಒಂದು ವರ್ಷದ ಅನಂತರ ನೋಡಿದ್ದರೆ ಯಾವ ಮೆಟ್ಟಿಲಿನ ಮೇಲೆ ಇರುತ್ತಿತ್ತು ಎಂಬ ಪ್ರಶ್ನೆಗೆ ಒಂದೇ ಚಳಿಗಾಲದ ಸಮೀಕ್ಷೆಯಿಂದ ಉತ್ತರ ದೊರೆಯಲಾರದು. ಇತಿಹಾಸದ ಅಭ್ಯಾಸಿಗೆ ಇದೇ ಮೊದಲನೆಯ ಕೊರತೆ.

ಈ ಮೆಟ್ಟಿಲುಗಳನ್ನು ಕಟ್ಟಿದವರು ಯಾರು? ಇದು ಎರಡನೆಯ ಪ್ರಶ್ನೆ, ನಮ್ಮ ಮಟ್ಟಿಗೆ ಮುಖ್ಯವಾದ ಪ್ರಶ್ನೆ. ಆಸ್ಟ್ರಿಯದಲ್ಲಿ 1920ರಲ್ಲಿಯೇ ನಿರುದ್ಯೋಗ ವಿಮೆಯ ಶಾಸನವಾಗಿತ್ತು. ಆದರೆ ಭತ್ಯ ನಿಯತ ವಾರಗಳವರೆಗೆ ಮಾತ್ರ ಸಲ್ಲುತ್ತಿತ್ತು, ಅದು ತೀರಿದ ಮೇಲೆ ತುರ್ತು ಸಹಾಯ, ಅದಕ್ಕೂ ಅವಧಿಯುಂಟು. ಆಮೇಲೆ ಏನೂ ಇಲ್ಲ. ಕಾಲ ಕಳೆದಂತೆ ಕುಟುಂಬದ ವರಮಾನ ಇಳಿಯುವಂತೆ ಮಾಡಿದುದು ಈ ನಿಯಮ. ಅಷ್ಟೇ ಅಲ್ಲ, ಭತ್ಯ ಪಡೆಯುವವರು ಸಣ್ಣಪುಟ್ಟ ಕೂಲಿ ಮಾಡಿ ಸಿಕ್ಕಿಬಿದ್ದರೆ ಆ ಭತ್ಯವೂ ನಿಲ್ಲುತ್ತಿತ್ತು. ಇಂಥ ಪ್ರಸಂಗಗಳು ಗ್ರಂಥದಲ್ಲಿಯೇ ಉಲ್ಲೇಖವಾಗಿವೆ. ಕೈಕಟ್ಟಿ ಕೂಡು ಎಂದು ಶಾಸನವೇ ವಿಧಿಸಿರುವಾಗ, ಬೀದಿಯಲ್ಲಿ ನಿಧಾನವಾಗಿ ನಡೆಯುವವನ ಆಲಸ್ಯವನ್ನು ಕೇವಲ ಮನಸ್ಸಿನ ಪರಿಣಾಮವೆಂದು ಎಣಿಸುವುದು ಅಪೂರ್ಣ ವಿವರಣೆ. ಕರ್ತೃಗಳು ಈ ನಿಯಮಗಳನ್ನು ಜೀವನಮಟ್ಟದ ಪ್ರಕರಣದಲ್ಲಿ ವಿವರಿಸುತ್ತಾರೆ. ಆದರೆ ಕಾಲವನ್ನೂ ನಡಿಗೆಯನ್ನೂ ಕುರಿತ ಪ್ರಕರಣಕ್ಕೆ ಬಂದಾಗ ಅವನ್ನು ಬದಿಗಿಡುತ್ತಾರೆ. ಎರಡು ಪ್ರಕರಣಗಳನ್ನೂ ಜೊತೆಗಿಟ್ಟು ಓದುವುದು ವಾಚಕನ ಹೊಣೆಯಾಗುತ್ತದೆ.

ಮೊದಲಲ್ಲಿ ಹೇಳಿದ ಅಂಕಿಗಳನ್ನು ಅರ್ಥಮಾಡಿಕೊಳ್ಳಲೂ ಈ ಶಾಸನದ ಜ್ಞಾನ ಬೇಕು. 1933ರಲ್ಲಿ ಭತ್ಯ ಪಡೆಯುತ್ತಿದ್ದವರು ಸುಮಾರು 3,29,000 ಮಂದಿ. ಒಟ್ಟು ನಿರುದ್ಯೋಗಿಗಳಾದರೋ ಐದೂವರೆ ಲಕ್ಷ. ಎಂದರೆ ಹತ್ತರಲ್ಲಿ ನಾಲ್ವರು ಭತ್ಯದ ಪಟ್ಟಿಯಿಂದ ಹೊರಗೆ. ಭತ್ಯದ ಪಟ್ಟಿಯನ್ನು ಮಾತ್ರ ನೋಡುವವನಿಗೆ ಸಹಾಯದ ಅವಧಿ ಮುಗಿದವರು ಕೆಲಸ ಸಿಕ್ಕಿದವರಂತೆಯೇ ತೋರುತ್ತಾರೆ. ಪಟ್ಟಿ ಕಿರಿದಾದುದು ಸ್ಥಿತಿ ಸುಧಾರಿಸಿದುದಕ್ಕೆ ಸಾಕ್ಷಿಯಲ್ಲ. ಹೀಗೆ ಅಂಕಿಯಿಂದ ಅಳಿಸಿಹೋದವರ ಮನೆಯೊಳಗನ್ನು ತೋರಿಸಿದುದೇ ಮರೀನ್‌ತಾಲ್ ಸಮೀಕ್ಷೆಯ ಹಿರಿಮೆ.

ಸ್ತ್ರೀಯರ ವಿಷಯದಲ್ಲಿಯೂ ಒಂದು ಮಾತು. ಅಡುಗೆ, ಒಗೆತ, ಮಕ್ಕಳ ಪಾಲನೆ ಇವುಗಳಿಂದ ಅವರ ದಿನ ತುಂಬಿರುತ್ತದೆ. ಆದ್ದರಿಂದ ಅವರಿಗೆ ನಷ್ಟವಾದುದು ಸಂಬಳವೇ ಹೊರತು ಪೂರ್ಣಾರ್ಥದಲ್ಲಿ ಕೆಲಸವಲ್ಲ ಎಂಬುದು ಗ್ರಂಥದ ನಿಲುವು. ಆದರೆ ಗಿರಣಿಯ ದಿನಗಳಲ್ಲಿ ಮನೆಗೆಲಸವೂ ಸೇರಿ ಹೊರೆ ದುಪ್ಪಟ್ಟಾಗಿದ್ದರೂ ಗಿರಣಿಗೆ ಮರಳಬೇಕೆಂದು ಅಲ್ಲಿಯ ಎಷ್ಟೋ ಹೆಂಗಸರು ಹೇಳಿದರೆಂದೂ, ಅದು ಹಣಕ್ಕಾಗಿ ಮಾತ್ರವಲ್ಲವೆಂದೂ ಗ್ರಂಥವೇ ತಿಳಿಸುತ್ತದೆ. ಬಿಡುವಿಲ್ಲದಿರುವುದೂ ಉದ್ಯೋಗವಿರುವುದೂ ಒಂದೇ ಅಲ್ಲ. ಈ ವಿರೋಧವನ್ನು ಕರ್ತೃಗಳು ಪರಿಹರಿಸಲಿಲ್ಲ.

ಔದಾಸೀನ್ಯದ ಸಿದ್ಧಾಂತವನ್ನು ಇಡೀ ದೇಶಕ್ಕೆ ಅನ್ವಯಿಸುವುದಕ್ಕೂ ಎಚ್ಚರಿಕೆ ಬೇಕು. ಗ್ರಂಥ ಹೊರಬಿದ್ದ ಮರುವರ್ಷವೇ, 1934ರ ಫೆಬ್ರವರಿಯಲ್ಲಿ, ಲಿಂಟ್ಸ್, ವಿಯೆನ್ನ ಮೊದಲಾದ ನಗರಗಳಲ್ಲಿ ಕಾರ್ಮಿಕರು ಡೋಲ್‌ಫುಸ್ ಸರ್ಕಾರದ ವಿರುದ್ಧ ಶಸ್ತ್ರವೆತ್ತಿದರು. ಅವರು ಸೋತರೆಂಬುದು ನಿಜ, ಸುಮ್ಮನಿದ್ದರೆಂಬುದು ನಿಜವಲ್ಲ. ಒಂದೇ ಗಿರಣಿಯನ್ನು ನಂಬಿದ್ದ ಒಂದು ವಸತಿಯ ಬಳಲಿಕೆಯನ್ನು ದೇಶದ ಕಾರ್ಮಿಕ ವರ್ಗದ ಸ್ವಭಾವವೆಂದು ಸಾರುವ ಅಧಿಕಾರವನ್ನು ಈ ಸಮೀಕ್ಷೆ ಯಾರಿಗೂ ಕೊಡುವುದಿಲ್ಲ.

2020ರ ಅಕ್ಟೋಬರಿನಲ್ಲಿ ಇದೇ ಗ್ರಾಮಟ್‌ನಾಯ್‌ಸೀಡಲ್‌ನಲ್ಲಿ ಇನ್ನೊಂದು ಪ್ರಯೋಗ ಆರಂಭವಾಯಿತು. ಬಹುಕಾಲ ಕೆಲಸವಿಲ್ಲದಿದ್ದವರೆಲ್ಲರಿಗೂ ಸಂಬಳದ ಕೆಲಸವನ್ನು ಖಚಿತವಾಗಿ ಒದಗಿಸುವುದು ಅದರ ಸಂಕಲ್ಪ. ಪರಿಣಾಮಗಳನ್ನು ಪರೀಕ್ಷಿಸಿದ ಆಕ್ಸ್‌ಫರ್ಡಿನ ಅರ್ಥಶಾಸ್ತ್ರಜ್ಞರು ವರಮಾನ ಮತ್ತು ಭದ್ರತೆಗಳ ಜೊತೆಗೆ ದಿನಚರಿಯ ಕ್ರಮ, ಜನರೊಡನೆ ಒಡನಾಟ, ಗೌರವ ಇವೂ ಹೆಚ್ಚಿದುವೆಂದು ಕಂಡರು. ದೇಹಾರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಯಹೋಡ ತಮ್ಮ ಮುಂದಿನ ಬರವಣಿಗೆಯಲ್ಲಿ ಪ್ರತಿಪಾದಿಸಿದ ವಿಚಾರಗಳಿಗೆ ಇದು ದೊಡ್ಡ ಬೆಂಬಲ. ಆದರೂ ಈ ಪ್ರಯೋಗದಲ್ಲಿ ಸಂಬಳವೂ ಕೆಲಸವೂ ಒಟ್ಟಿಗೆ ಬಂದುವು. ಮನಸ್ಸನ್ನು ಮೇಲೆತ್ತಿದುದು ಯಾವುದೆಂದು ಬೇರ್ಪಡಿಸಿ ಹೇಳುವುದು ಸುಲಭವಲ್ಲ.

ಒಟ್ಟಿನಲ್ಲಿ, ಮರೀನ್‌ತಾಲ್ ಗ್ರಂಥವು ಮನಶ್ಶಾಸ್ತ್ರದ ಕೃತಿಯಾಗಿ ಎಷ್ಟು ಆದರಣೀಯವೋ ಒಂದು ಶಾಸನದ ಪರಿಣಾಮವನ್ನು ದಾಖಲಿಸಿದ ಇತಿಹಾಸದ ಆಕರವಾಗಿಯೂ ಅಷ್ಟೇ ಬೆಲೆಯುಳ್ಳದ್ದು. ನಿರುದ್ಯೋಗಿಗಳು ಸ್ವಭಾವತಃ ಜಡರಾಗುತ್ತಾರೆ ಎಂಬ ಮಾತು ಆಳುವವರಿಗೆ ಹಿತವಾದ ಮಾತು. ಹೊಣೆಯನ್ನು ಅದು ಶಾಸನದಿಂದ ಸ್ವಭಾವಕ್ಕೆ ವರ್ಗಾಯಿಸುತ್ತದೆ. ಗ್ರಂಥವನ್ನು ತರಗತಿಯಲ್ಲಿ ಬೋಧಿಸುವವರು ನಡಿಗೆಯ ವೇಗವನ್ನು ಹೇಳುವಾಗ ಆ 34ರಿಂದ 19ಕ್ಕೆ ಇಳಿದ ಷಿಲಿಂಗುಗಳ ಕೋಷ್ಟಕವನ್ನೂ ಕರಿಹಲಗೆಯ ಮೇಲೆ ಬರೆಯುವುದು ಒಳ್ಳೆಯದು.